ಕಿಟಕಿ ತೆರೆದು ಹಾಕಿದ ಒಗ್ಗರಣೆ

ಲಾಕ್‌ಡೌನ್ ಸಡಿಲವಾದ ಮೇಲೆ ಎರಡು ದಿನ ಆರಾಮಾಗಿದ್ದು ಬರೋಣ ಅಂತ ನಾನೂ ನನ್ನ ಗಂಡನೂ ಐರ್ಲೆಂಡಿನ ಸ್ಲೈಗೋ ಹತ್ತಿರ ಸಮುದ್ರದ ಪಕ್ಕದ ಅಪಾರ್ಟ್‌ಮೆಂಟೊಂದಕ್ಕೆ ಹೋಗಿದ್ವಿ. ವಾಸನೆ ಹೊರಗೆ ಹೋಗದಿರಲಿ ಅಂತ ಎಂದಿನಂತೆ ಕಿಟಕಿ ಮುಚ್ಚಿ ಸಾರಿಗೆ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಸೀದು ಇಬ್ಬರಿಗೂ ಕೆಮ್ಮು ಹತ್ತಿತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಪಕ್ಕದ ಅಪಾರ್ಟ್‌ಮೆಂಟಿನ ಐರಿಶ್ ಅಜ್ಜಿ, ಮಾಸ್ಕ್ ಗದ್ದಕ್ಕಿಳಿಸಿಕೊಂಡು ದೂರದಲ್ಲಿ ನಿಂತಿದ್ದರು.

"ಕೋವಿಡ್ ಅಲ್ಲ, ಮೆಣಸಿನಕಾಯಿ ಘಾಟು ಅಷ್ಟೇ" ಅಂದೆ.

"ಅದಿರಲಿ, ಆ ಇನ್ನೊಂದು ವಾಸನೆ ಯಾವುದು?"

"ಇಂಗು. ಕ್ಷಮಿಸಿ."

"ಯಾಕೆ ಕ್ಷಮಿಸಬೇಕು? ಕೋವಿಡ್ ಬಂದುಹೋದಾಗಿಂದ ನನ್ನ ಮೂಗಿಗೆ ಯಾವ ವಾಸನೆಯೂ ಗೊತ್ತಾಗ್ತಿರಲಿಲ್ಲ. ಇದೇ ಮೊದಲು. ನಾಳೆನೂ ಹಾಕ್ತೀರಾ?"

ಅವರ ಕಣ್ಣು ತುಂಬಿತ್ತು. ಘಾಟಿಗೂ ಇರಬಹುದು.

ಮಾರನೇ ದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು ಇಂಗು ಧಾರಾಳವಾಗಿ ಹಾಕಿದೆ. ಸಾರು ಮಾತ್ರ ಬಾಯಿಗಿಡೋ ಹಾಗಿರಲಿಲ್ಲ.