ಯಾರಿಗೂ ಇಲ್ಲದ ಹೆಸರು

ನನ್ನ ತಮ್ಮನಿಗೆ ಮಗಳು ಹುಟ್ಟಿದಾಗ ಅವನಿಗೂ ಅವನ ಹೆಂಡತಿಗೂ ಬೇಕಾಗಿದ್ದದ್ದು ಲೋಕದಲ್ಲಿ ಯಾರಿಗೂ ಇಲ್ಲದ ಹೆಸರು. ಹಾಸನದ ಬಾಡಿಗೆ ಮನೆಯಲ್ಲಿ ಇಬ್ಬರೂ ಫೋನು ಹಿಡಿದು ಕೂತರು. ಏನು ಹೊಳೆದರೂ ಮೊದಲು ಫೋನಿಗೆ ಹಾಕಿ ನೋಡುವುದು, ಆ ಹೆಸರಿನ ಒಂದು ಮುಖ ಕಂಡರೂ ಅದಕ್ಕೆ ಎಳ್ಳುನೀರು ಬಿಡುವುದು. ದೇವರ ಹೆಸರುಗಳೆಲ್ಲ ಮೊದಲ ದಿನವೇ ಹೋದವು, ದೇವರು ಆಗಲೇ ಇಟ್ಟುಕೊಂಡಿದ್ದಾನಲ್ಲ. ಹೊಳೆ, ಹೂವು, ನಕ್ಷತ್ರಗಳೂ ಹೋದವು. ಕೊನೆಗೆ ಸಿಕ್ಕಿದ್ದಕ್ಕೆ ಅರ್ಥ ಕೇಳಿದರೆ ತಮ್ಮ ‘ಬೆಳಗಿನ ಮೊದಲ ಕಿರಣ’ ಎಂದ, ಅವನ ಹೆಂಡತಿ ‘ಕಡಲ ಚಿಪ್ಪು’ ಎಂದಳು.

ಹಾಲು ಹಾಕಲು ಬರುವ ಅರಕಲಗೂಡಿನ ಕಡೆಯ ಹೆಂಗಸು ಆ ಹೆಸರು ಕೇಳಿ, “ಅದ್ಯಾವ ಮಾತ್ರೆ ಎಸ್ರಕ್ಕಾ? ಮಗೀಗೆ ಉಸಾರಿಲ್ವಾ?” ಎಂದಳು.

ಹೊಳೆನರಸೀಪುರದಿಂದ ಬಂದ ನಮ್ಮ ಅಮ್ಮನದು ಒಂದೇ ಆಸೆ. “ತೊಟ್ಟಿಲಲ್ಲಿ ಮೂರ್ನಾಲ್ಕು ಹೆಸರು ಕರೀತಾರಲ್ಲೋ. ಅದರಲ್ಲಿ ಒಂದು ನನ್ನ ತವರಿನ ಹೆಸರಿರಲಿ.”

ಅಮ್ಮ ಮದುವೆಯಾಗಿ ಬಂದಾಗ ಅವಳ ಅತ್ತೆಗೂ ಅದೇ ಹೆಸರಿತ್ತು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಸೊಸೆಯನ್ನು ಬೈಯದೆ ಸಂಸಾರ ನಡೆಯುವುದು ಹೇಗೆ? ಹಾಗಾಗಿ ಧಾರೆಯ ದಿನವೇ ತಟ್ಟೆಯ ಅಕ್ಕಿಯಲ್ಲಿ ಬೇರೆ ಹೆಸರು ಬರೆದು ಕೊಟ್ಟರು. ಆಮೇಲೂ ಹಳೆಯ ಹೆಸರಿನಿಂದ ಕರೆಯುತ್ತಿದ್ದವನು ಚನ್ನರಾಯಪಟ್ಟಣದ ನಮ್ಮ ಸೋದರಮಾವ ಒಬ್ಬನೇ. ಅವನು ತೀರಿಕೊಂಡು ಎಷ್ಟೋ ವರ್ಷಗಳಾದವು.

“ಅದು ತೀರಾ ಕಾಮನ್ ಅಮ್ಮ,” ಎಂದ ತಮ್ಮ, ಫೋನಿನಿಂದ ತಲೆ ಎತ್ತದೆ.

“ಅದಕ್ಕೇ ಕಣೋ ನನ್ನಿಂದ ಕಿತ್ಕೊಂಡಿದ್ದು,” ಎಂದಳು ಅಮ್ಮ. ಮತ್ತೆ ಆ ಮಾತೆತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ನಾಮಕರಣದ ಛತ್ರದ ಬಾಗಿಲಲ್ಲಿ ಮಗುವಿಗಿಂತ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿದ ಬ್ಯಾನರ್. ನೆಂಟರೊಬ್ಬರು ಅದನ್ನು ಓದಿ, ಇದು ಯಾವುದೋ ಅಂಗಡಿಯ ಓಪನಿಂಗು ಎಂದು ವಾಪಸು ಹೊರಟಿದ್ದರಂತೆ. ಹುಳಿಯ ಒಗ್ಗರಣೆ ಮೂಗಿಗೆ ಬಡಿದು ಒಳಗೆ ಬಂದರು. ಪುರೋಹಿತರು ಮಂತ್ರದ ನಡುವೆ ತಡವರಿಸಿ ತಮ್ಮನ ಮುಖ ನೋಡಿದರು. ಹೆತ್ತ ಅಪ್ಪನಿಗೂ ಬಾಯಿಗೆ ಬರಲಿಲ್ಲ, ಫೋನು ತೆಗೆದು ತೋರಿಸಿದ.

ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಎಂದರೆ ನನ್ನದು. ಆ ಪಿಸುಮಾತೂ ವಿಡಿಯೋದಲ್ಲಿ ಕೇಳಬೇಕೆಂದು ನನ್ನ ಸೆರಗಿಗೆ ಮೈಕು ಸಿಕ್ಕಿಸಿ, ಛತ್ರದ ಸ್ಪೀಕರಿಗೂ ಜೋಡಿಸಿದ್ದರು. ತೊಟ್ಟಿಲಿಗೆ ಬಗ್ಗಿ ಮೊದಲು ಬ್ಯಾನರಿನ ಹೆಸರು ಹೇಳಿದೆ. ಯಾರೂ ಮಿಸುಕಲಿಲ್ಲ. ಅದೇ ಉಸಿರಿನಲ್ಲಿ ಅಮ್ಮನ ತವರಿನ ಹೆಸರನ್ನೂ ಕರೆದೆ. ಛತ್ರದ ತುಂಬ ಕೇಳಿಸಿತು.

ತಮ್ಮ ಹಲ್ಲು ಕಚ್ಚಿಕೊಂಡು, “ಅಕ್ಕಾ,” ಎಂದ.

ಮೂಲೆಯಲ್ಲಿ ಆರತಿ ತಟ್ಟೆ ಸರಿಮಾಡುತ್ತಿದ್ದ ಅಮ್ಮ ತಟ್ಟನೆ ತಲೆಯೆತ್ತಿ, “ಓ, ಬಂದೆ,” ಎಂದಳು.