ಗುಳಿಗೆ ಬಿಡದ ಬಸುರಿ

ನನಗೆ ಮೊದಲ ಸಲ ಮೂರ್ಛೆ ಬಂದಾಗ ಒಂಬತ್ತನೇ ತರಗತಿಯಲ್ಲಿದ್ದೆ. ಅಂದಿನಿಂದ ದಿನಕ್ಕೆರಡು ಹೊತ್ತು ಗುಳಿಗೆ. ಕಾಯ್ಕಿಣಿಯ ನಮ್ಮ ಮನೆಯಲ್ಲಿ ಅದನ್ನು ಹೊರಗಿನವರಿಗೆ ಹೇಳಬಾರದೆಂಬ ಕಟ್ಟಳೆಯಿತ್ತು. ಹೊಳನಗದ್ದೆಯಿಂದ ನನ್ನನ್ನು ನೋಡಲು ಬಂದವರೆದುರು ಅದನ್ನು ಮುರಿದವಳು ನಾನೇ.

"ನಂಗೆ ಫಿಟ್ಸ್ ಬರ್ತದೆ. ಗುಳಿಗೆ ಬಿಡೂಕಾಗೂದಿಲ್ಲ" ಎಂದೆ.

ಹುಡುಗ ಟೆಂಪೊ ಓಡಿಸುವವರು. ಕನ್ನಡಕ ತೆಗೆದು ಒರೆಸುತ್ತ, "ನಂಗೂ ಕನ್ನಡಕ ಇಲ್ದೆ ರಸ್ತೆ ಕಾಣೂದಿಲ್ಲ" ಎಂದರು. ಅಮ್ಮ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಮದುವೆ ಮಾತ್ರ ಆಯಿತು.

ಮಗು ಬೇಕೆನಿಸಿದಾಗ ಇಬ್ಬರೂ ಮಂಗಳೂರಿಗೆ ಹೋಗಿ ನರರೋಗದ ವೈದ್ಯೆಯನ್ನು ಕಂಡೆವು. ನಾನು ನುಂಗುತ್ತಿದ್ದ ಗುಳಿಗೆ ಹೊಟ್ಟೆಯ ಮಗುವಿಗೆ ಒಳ್ಳೆಯದಲ್ಲವೆಂದು ಅವರು ನಿಧಾನವಾಗಿ ಬೇರೆಯದಕ್ಕೆ ಬದಲಿಸಿದರು. ಜೊತೆಗೆ ಫೋಲಿಕ್ ಆಸಿಡ್. "ಬಸುರಾದ ಮೇಲೆ ನೀವಾಗಿಯೇ ನಿಲ್ಲಿಸಬೇಡಿ" ಎಂದು ಎರಡು ಸಲ ಹೇಳಿದರು. ಹೊಸ ಗುಳಿಗೆ ಮೈಗೆ ಒಗ್ಗುವವರೆಗೆ ಕಾದೆವು. ಆಮೇಲೆ ಬಸುರಾದೆ.

ಐದನೇ ತಿಂಗಳಲ್ಲಿ ತೆಂಗಿನಗುಂಡಿಯಿಂದ ಅತ್ತೆಯ ಅಕ್ಕ ಬಂದರು. ನನ್ನ ಕೈಯಲ್ಲಿ ಗುಳಿಗೆ ಕಂಡು, "ಎಂತದೇ ಇದು? ಹೊಟ್ಟೆಯಲ್ಲಿ ಕೂಸು ಇಟ್ಕಂಡು ವಿಷ ನುಂಗ್ತೀಯನೆ? ಕೈಕಾಲು ಸೊಟ್ಟ ಹುಟ್ಟಿದ್ರೆ ಯಾರು ನೋಡ್ತ್ರು?" ಎಂದರು. ಅತ್ತೆಯೂ ಹೌದೆಂದು ತಲೆಯಾಡಿಸಿದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ಯಾರಿಗೂ ಹೇಳದೆ ಎರಡು ದಿನ ಗುಳಿಗೆ ಬಿಟ್ಟೆ. ಮೂರನೆಯ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದವಳಿಗೆ ಎಚ್ಚರವಾದದ್ದು ಕುಮಟೆಯ ಆಸ್ಪತ್ರೆಯಲ್ಲಿ. ಕಾವಲಿಗೆ ತಾಗಿ ಮೊಣಕೈ ಸುಟ್ಟಿತ್ತು, ನಾಲಗೆ ಕಚ್ಚಿಕೊಂಡಿದ್ದೆ. ನರ್ಸ್ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಿಸಿದಾಗ ಗಂಡ ಗೋಡೆಗೆ ಮುಖ ಮಾಡಿ ಅತ್ತರು. ಅಲ್ಲಿಂದಲೇ ಮಂಗಳೂರಿಗೆ ಫೋನ್ ಮಾಡಿದೆವು. "ಈ ಗುಳಿಗೆಗಿಂತ ಹೀಗೆ ಬೀಳುವುದೇ ಮಗುವಿಗೆ ದೊಡ್ಡ ಅಪಾಯ" ಎಂದರು ವೈದ್ಯೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮನೆಗೆ ಬಂದ ಮೇಲೆ ನಾನು ಕೋಣೆಯಲ್ಲಿ ಕೂತು ಗುಳಿಗೆ ನುಂಗಲಿಲ್ಲ. ಜಗಲಿಯಲ್ಲಿ, ನೆರೆಯವರು ಬಂದು ಕೂತಿದ್ದರೆ ಅವರೆದುರೇ ನುಂಗುತ್ತಿದ್ದೆ. ಕೇಳಿದವರಿಗೆ, "ಫಿಟ್ಸಿನ ಗುಳಿಗೆ" ಎಂದು ಹೇಳುತ್ತಿದ್ದೆ.

ಏಳನೇ ತಿಂಗಳಲ್ಲಿ ನನಗೆ ಹೂ ಮುಡಿಸುವ ಶಾಸ್ತ್ರ. ಆರತಿಗೆ ತಡವಾಗಿ ಗುಳಿಗೆಯ ಹೊತ್ತಾಯಿತು. ಮಣೆಯ ಮೇಲೆ ಕೂತಲ್ಲಿಂದಲೇ ನೀರು ಕೇಳಿದೆ. ತೆಂಗಿನಗುಂಡಿಯ ದೊಡ್ಡತ್ತೆ ಎದ್ದು ನಿಂತು, "ಶುಭ ಕಾರ್ಯದಲ್ಲಿ ರೋಗದ್ದು ಎಂತಕ್ಕೆ? ಆಮೇಲೆ ತಕೋ" ಎಂದರು.

"ದೊಡ್ಡತ್ತೆ, ಫಿಟ್ಸ್ ಬರೂದು ಮುಹೂರ್ತ ನೋಡ್ಕಂಡಲ್ಲ. ನಿಮ್ಮ ಮಾತು ಕೇಳಿ ಒಂದು ಸಲ ಬಿದ್ದಾತು. ಇನ್ನು ಕೇಳೂದಿಲ್ಲ."

ಮಡಿಲಲ್ಲಿಟ್ಟುಕೊಂಡಿದ್ದ ಗುಳಿಗೆಯ ಚೀಲ ಬಿಚ್ಚಿದೆ. ನೀರು ತಂದುಕೊಟ್ಟವರು ಅತ್ತೆ. ಲೋಟ ನನ್ನ ಕೈಗಿಟ್ಟು, ಅಕ್ಕನತ್ತ ನೋಡದೆ, "ಆತು, ಆರತಿ ತಗೊಂಡ್ ಬನ್ನಿ" ಎಂದರು.

ಊರಲ್ಲೇ ಹೆರಿಗೆ ಮಾಡಿಸಿಕೊಳ್ಳುವ ಧೈರ್ಯ ಮಾಡಲಿಲ್ಲ. ಮೊದಲೇ ಮಂಗಳೂರಿಗೆ ಹೋಗಿ ಉಳಿದೆವು. ನೋವಿನ ನಡುವೆಯೂ ಹೊತ್ತಿಗೆ ಸರಿಯಾಗಿ ಗುಳಿಗೆ ಕೇಳಿ ತೆಗೆದುಕೊಂಡೆ. ಹೆಣ್ಣು ಮಗು ಹುಟ್ಟಿತು. ಹಾಲು ಕುಡಿಸಬಹುದೆಂದರು, ಕುಡಿಸಿದೆ. ಮಗುವನ್ನು ಎತ್ತಿಕೊಂಡು ನಿಂತಾಗ ಬಿದ್ದರೇನು ಗತಿಯೆಂದು ನೆಲದ ಮೇಲೆ ಚಾಪೆ ಹಾಸಿ ಕೂತೇ ಕುಡಿಸಿದೆ. ಸ್ನಾನ ಮಾಡಿಸುವಾಗ ಅತ್ತೆ ಜೊತೆಗಿರುತ್ತಿದ್ದರು.

ಈಗ ಅವಳಿಗೆ ನಾಲ್ಕು ವರ್ಷ. ಅಂಗಳದ ತುಂಬ ಓಡುತ್ತಾಳೆ, ಹಟಮಾರಿ. ಮೊನ್ನೆ ಬಂದ ನೆರೆಮನೆಯವರು, "ಇನ್ನೊಂದು ಬೇಡ ಮಾರಾಯ್ತಿ, ನಿನ್ನ ಆರೋಗ್ಯಕ್ಕೆ" ಎಂದರು. ಬೇಕೋ ಬೇಡವೋ ನಾವಿನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸುವವರು ನಾವಿಬ್ಬರು ಎಂದು ಅವರಿಗೆ ಹೇಳಿ, ಚಹಾ ಕೊಟ್ಟು ಕಳಿಸಿದೆ.