ಕೇಂದ್ರದ ಬಾಗಿಲು ತೆರೆದ ದಿನ ಮೇಷ್ಟ್ರು ಬರಲಿಲ್ಲ

ನಮ್ಮ ವಿಶ್ವವಿದ್ಯಾಲಯದಲ್ಲಿ ಯುರೋಪ್ ಅಧ್ಯಯನ ಕೇಂದ್ರ ಹೇಗೆ ಹುಟ್ಟಿತು ಅಂತ ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಪರಿಚಯದ ಪುಸ್ತಿಕೆಯಲ್ಲಿ ಮೇಲಿನವರ ದೂರದೃಷ್ಟಿ ಅಂತ ಅಚ್ಚಾಗಿದೆ. ದೂರದೃಷ್ಟಿಯಂತೆ, ಮಣ್ಣಂಗಟ್ಟಿ! ಅದು ಹುಟ್ಟಿದ್ದು ಹೊಸನಗರದ ಹತ್ತಿರ, ಬಿದನೂರು ಕೋಟೆಯ ಮೇಲೆ, ನನ್ನ ಮೇಷ್ಟ್ರ ಸಿಟ್ಟಿನಿಂದ.

ಅವರು ತೀರ್ಥಹಳ್ಳಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಪಾಠ ಮಾಡುತ್ತಿದ್ದರು. ಒಮ್ಮೆ ಕ್ಲಾಸಿನವರನ್ನೆಲ್ಲ ಕೋಟೆಗೆ ಕರೆದುಕೊಂಡು ಹೋದವರು, ಚಿತ್ರಾನ್ನದ ಪೊಟ್ಟಣ ಬಿಚ್ಚುವ ಮೊದಲೇ ಬೈಯಲು ಶುರುಮಾಡಿದರು.

"ಪೋರ್ಚುಗೀಸರು, ಡಚ್ಚರು ಕಾಳುಮೆಣಸಿಗೆ ಅಂತ ಬಂದವ್ರು ನಮ್ಮ ಊಟ, ಉಡುಪು, ಜಗಳ ಎಲ್ಲಾ ಬರ್ಕೊಂಡು ಹೋದ್ರು. ನಾವು ಅವರ ಬಗ್ಗೆ ಎಂತ ಬರ್ದಿದೀವಿ? ಮೆಣಸು ಅಳೆದು ಕೊಟ್ಟು ಸುಮ್ನೆ ಕೂತ್ವಿ!"

ನಮಗೆ ನಗು, ಜೊತೆಗೆ ಹಸಿವು. ಅವರು ಮಾತ್ರ ಅದನ್ನು ಬಿಡಲಿಲ್ಲ. ಯುರೋಪನ್ನು ನಮ್ಮ ಕಡೆಯಿಂದ ನೋಡುವ ಕೇಂದ್ರವೊಂದು ಬೇಕು ಅಂತ ಕೈಯಲ್ಲೇ ಬರೆದು, ನಿವೃತ್ತರಾದ ಮೇಲೂ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಲೇ ಇದ್ದರು. ಉತ್ತರವೇ ಇಲ್ಲ. ನಾನು ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ ಆ ಹಾಳೆಗಳನ್ನು ಟೈಪ್ ಮಾಡಿ, ಮೇಜಿಂದ ಮೇಜಿಗೆ ಹೊತ್ತು, ಅಂತೂ ಮಂಜೂರು ಮಾಡಿಸಿದೆ. ಫೋನು ಮಾಡಿ ಹೇಳಿದಾಗ, "ಬಾಗ್ಲು ತೆಗಿಯೋದನ್ನ ಕಣ್ಣಾರೆ ನೋಡ್ಬಿಟ್ರೆ ಸಾಕು ಮಾರಾಯ್ತಿ" ಅಂದರು. ಆಗಲೇ ಅವರಿಗೆ ಹುಷಾರಿರಲಿಲ್ಲ.

ನಮ್ಮ ಕಡೆ ಕಾಗದ ಕಳಿಸಿದರೆ ಕರೆದ ಹಾಗಲ್ಲ. ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಇಂಥ ದಿನ ಬರಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಹೇಳಿಕೆ ಅನ್ನುತ್ತಾರೆ. ಹೆಗ್ಗೋಡು, ಸಾಗರ ಅಂತ ತಿರುಗಿ ದೊಡ್ಡವರ ಮನೆಗೆಲ್ಲ ನಾನೇ ಹೇಳಿಕೆಗೆ ಹೋದೆ. ಮೇಷ್ಟ್ರಿಗೆ ವಾಟ್ಸಾಪಿನಲ್ಲಿ ಕಳಿಸಿ ಸುಮ್ಮನಾದೆ. ಮೇಷ್ಟ್ರು ಮನೆಯವರ ಹಾಗೆ, ಅವರಿಗೆ ಎಂಥ ಹೇಳಿಕೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬಾಗಿಲು ತೆಗೆದ ದಿನ ಅವರು ಬರಲಿಲ್ಲ. ಮುಂದಿನ ಸಾಲಿನ ಕುರ್ಚಿ ಖಾಲಿಯೇ ಉಳಿಯಿತು. ಭಾನುವಾರ ಹೋಗಿ ನೋಡಿಕೊಂಡು ಬಂದರಾಯಿತು ಅಂದುಕೊಂಡೆ. ಭಾನುವಾರದೊಳಗೆ ಅವರು ತೀರಿಕೊಂಡರು.

ಮರುವರ್ಷ ಕೇಂದ್ರದ ಉಪನ್ಯಾಸಕ್ಕೆ ಕರೆಯಲು ಅವರ ಹೆಂಡತಿಯ ಹತ್ತಿರ ಹೋದೆ. ನಾವೆಲ್ಲ ಅವರನ್ನು ಅಮ್ಮ ಅನ್ನುತ್ತಿದ್ದೆವು.

"ಬಾಗ್ಲು ತೆಗಿಯೋ ಹಿಂದಿನ ದಿನ ಸಂಜೆವರೆಗೂ ಜಗಲಿ ಬಿಟ್ಟು ಏಳ್ಲಿಲ್ಲ ಕಣೇ," ಅಂದರು ಅಮ್ಮ. "ಪಂಚೆ ಇಸ್ತ್ರಿ ಮಾಡ್ಸಿ ಇಟ್ಕೊಂಡಿದ್ರು. 'ಅವ್ಳು ಬಂದು ಹೇಳ್ದೇ ಇರಲ್ಲ' ಅಂತಿದ್ರು."

ನನಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಮಂತ್ರಣ ಪತ್ರಿಕೆ ಮುಂದೆ ಹಿಡಿದೆ. ಅಮ್ಮ ತೆಗೆದುಕೊಳ್ಳಲಿಲ್ಲ.

"ನಂಗೆ ಆಮೇಲೆ. ಮೊದ್ಲು ಅವ್ರಿಗೆ ಹೇಳು," ಅಂತ ಗೋಡೆಯ ಫೋಟೋ ತೋರಿಸಿದರು.

ಹೋಗಿ ನಿಂತೆ. "ಮೇಷ್ಟ್ರೇ, ನಮ್ಮ ಕೇಂದ್ರದ ಬಾಗಿಲು ತೆಗೀತೀವಿ, ನೀವು..." ಅಂದೆ. ಬಾಗಿಲು ತೆಗೆದು ವರ್ಷವಾಗಿತ್ತು.